ಕಿರುಬೆರಳು ತೋರಿಸಿದವರಿಗೆ

ಕಳೆದ ಭಾನುವಾರ ನಮ್ಮ ಇಎನ್‌ಟಿ (ಕಿವಿ-ಮೂಗು-ಗಂಟಲು) ಡಾಕ್ಟರ್ ಮೇಡಂ ಮೈಸೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ನಾವು ಮಾಡಿದ ರೋಬೋ ಮೂಲಕ ಮಂಡ್ಯದಲ್ಲಿದ್ದ ದೊಡ್ಡಮ್ಮನ ಕಿವಿ ನೋಡಿದರು. ಮಧ್ಯೆ ಸುಮಾರು 45 ಕಿಲೋಮೀಟರ್. ದೊಡ್ಡಮ್ಮನ ಪಕ್ಕದಲ್ಲಿ ಇನ್ನೊಬ್ಬ ಡಾಕ್ಟರ್ ಇದ್ದರು, ಏನಾದರೂ ಎಡವಟ್ಟಾದರೆ ಸ್ವಿಚ್ ಆರಿಸಲು ನಾನಿದ್ದೆ. ಸ್ಕ್ರೀನ್ ಮೇಲೆ ಮುತ್ತಿನಂಥ ಬೂದು ಬಣ್ಣದ ಕಿವಿತಮಟೆ, ಅದರ ಕೆಳಗಡೆ ಬೆಳಕಿನ ಸಣ್ಣ ತ್ರಿಕೋನ. ಎರಡು ವರ್ಷ ಇದಕ್ಕೇ ಒದ್ದಾಡಿದ್ದು.

ಮೊದಲ ನಮಸ್ಕಾರ ಮೇಡಂಗೆ. ನಮ್ಮ ಮೊದಲ ರೋಬೋಗೆ ಕ್ಯಾಮೆರಾ ಇತ್ತು, ಲೈಟ್ ಇತ್ತು, ಮೂರು ಮೋಟಾರ್ ಇದ್ದವು, ಸುಮ್ನೆ ಬೀಗುತ್ತಿದ್ದೆವು. ಅವರು ನೋಡಿ, "ಸರಿ, ಕಿವಿ ಹಿಡಿದು ಎಳೆಯೋರು ಯಾರು?" ಅಂದರು. ದೊಡ್ಡವರ ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್, ಅದೂ ನೆಟ್ಟಗಿಲ್ಲ. ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದರೇ ತಮಟೆ ಚೆನ್ನಾಗಿ ಕಾಣುವುದು (ಪುಟ್ಟ ಮಕ್ಕಳಿಗಾದರೆ ಕೆಳಕ್ಕೆ). ಆಮೇಲೆ ನನ್ನನ್ನೇ ಕೂರಿಸಿ ಓಟೋಸ್ಕೋಪ್ (ಕಿವಿಯೊಳಗೆ ನೋಡುವ ಲೈಟಿನ ಉಪಕರಣ) ಹಿಡಿದರು. ಅವರ ಕಿರುಬೆರಳು ನನ್ನ ಕೆನ್ನೆಗೆ ಆನಿಕೊಂಡಿತ್ತು. ಪೇಷಂಟ್ ತಟ್ಟನೆ ತಲೆ ತಿರುಗಿಸಿದರೆ ಕೈಯೂ ಜೊತೆಗೇ ಹೋಗುತ್ತದೆ, ಒಳಗೆ ಚುಚ್ಚುವುದಿಲ್ಲ. ನಮ್ಮದೋ, ಮೇಜಿಗೆ ಬೋಲ್ಟ್ ಹಾಕಿ ಬಿಗಿದ ಮಿಷಿನ್! ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಆ ಡಿಸೈನ್ ಪೂರ್ತಿ ಬಿಟ್ಟೆವು. ಈಗಿನದು ಹೆಲ್ಮೆಟ್ ಥರ ತಲೆಯ ಮೇಲೇ ಕೂರುತ್ತದೆ, ತಲೆ ಎತ್ತ ಹೋದರೆ ಅತ್ತ. ಕಿವಿ ಎಳೆಯುವ ಕೆಲಸವನ್ನು ಮಾತ್ರ ಪಕ್ಕದಲ್ಲಿರುವವರ ಕೈಗೇ ಬಿಟ್ಟಿದ್ದೇವೆ.

ಕೋಡ್ ಬರೆದ ಇಬ್ಬರು ಹುಡುಗರಿಗೂ ಥ್ಯಾಂಕ್ಸ್. ವಿಡಿಯೋ ಒಂಚೂರು ತಡವಾಗಿ ಬಂದರೂ ಸಾಕು, ಇನ್ನೂ ತಿರುಗಿಲ್ಲ ಅಂದುಕೊಂಡು ಜಾಯ್‌ಸ್ಟಿಕ್ ಜಾಸ್ತಿ ಒತ್ತಿಬಿಡುತ್ತೇವೆ, ಅಲ್ವಾ? ಈಗ ಒಂದು ಸಲ ಒತ್ತಿದರೆ ಕ್ಯಾಮೆರಾ ತುದಿ ಸರಿಯುವುದು ಅರ್ಧ ಮಿಲಿಮೀಟರ್, ಅಷ್ಟೇ.

ದೊಡ್ಡಮ್ಮನಿಗೆ ಎಷ್ಟು ಹೇಳಿದರೂ ಕಮ್ಮಿ. "ಕಿವಿಗೆ ಕಡ್ಡಿ ಹಾಕ್ಬ್ಯಾಡ ಅಂತ ಬೈದು ಬೆಳ್ಸಿದ್ದು ನಾನು, ಈಗ ನನ್ ಕಿವಿಗೇ ಮಿಷಿನ್ ಹಾಕ್ತೀಯೇನ್ಲಾ" ಅಂತ ನಗುತ್ತಲೇ ಕೂತರು. ತುದಿ ಒಳಗೆ ತಾಗಿದ್ದೇ ತಡ, ಕೆಮ್ಮು! ಮಿದುಳಿನಿಂದ ಗಂಟಲು, ಎದೆಯ ಕಡೆ ಇಳಿಯುವ ವೇಗಸ್ ನರದ ಒಂದು ಕವಲು ಕಿವಿಯ ನಾಳಕ್ಕೂ ಬರುತ್ತದೆ, ಹಾಗಾಗಿ ಕೆಲವರಿಗೆ ಅಲ್ಲಿ ಮುಟ್ಟಿದರೆ ಕೆಮ್ಮು ಬರುತ್ತದೆ. ಕೆಮ್ಮಿದಾಗ ದವಡೆ ಅಲುಗುತ್ತದೆ, ದವಡೆ ಅಲುಗಿದರೆ ನಾಳದ ಆಕಾರವೇ ಬದಲಾಗುತ್ತದೆ. ನನ್ನ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ತುದಿ ಹಿಡಿದಿದ್ದ ಮ್ಯಾಗ್ನೆಟ್ ಬಿಟ್ಟುಕೊಂಡು, ಸ್ಪ್ರಿಂಗ್ ಅದನ್ನು ಟಕ್ ಅಂತ ಹಿಂದಕ್ಕೆ ಎಳೆದುಕೊಂಡಿತು. ದೊಡ್ಡಮ್ಮ ನೀರು ಕುಡಿದು, "ಇನ್ನೊಂದ್ಸಲ ಹಾಕು" ಅಂದರು. ಎರಡನೇ ಸಲಕ್ಕೆ ತಮಟೆ ಕಂಡಿತು.

ಮೂಗಿನ ಕೆಲಸ ಈಗಷ್ಟೇ ಶುರು. ಗಂಟಲಿನ ಮಾತು ಸದ್ಯಕ್ಕೆ ಎತ್ತಬೇಡಿ, ನಾಲಿಗೆಯ ಬುಡ ಮುಟ್ಟಿದರೆ ವಾಂತಿ ಬಂದಂತಾಗುವ ಜಾಗ ಅದು.

ಆ ಮ್ಯಾಗ್ನೆಟ್ಟಿನ ಹಿಡಿ ಮಾಡಿಕೊಟ್ಟವರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಲೇತ್ ಅಣ್ಣ. ಆರು ಸಲ ಕಡೆದು ಕೊಟ್ಟರು, ಎರಡು ಸಲದ ದುಡ್ಡಷ್ಟೇ ಇಸ್ಕೊಂಡರು. ಅಣ್ಣಾ, ಸೋಮವಾರ ಬರ್ತೀನಿ, ಬಾಕಿ ನಾಲ್ಕರದ್ದೂ ಈ ಸಲ ತಗೊಳ್ಳಲೇಬೇಕು.