ಟೆಕ್ಸಸ್‌ನಲ್ಲಿ ಯಾವ ಯೂನಿವರ್ಸಿಟಿ? ಮೊದಲು ಫೀಸಿನ ಲೆಕ್ಕ ಕೇಳಿ

ರಾಜ್ಯೋತ್ಸವದ ಗದ್ದಲ ಮುಗಿದು ಡಿಸೆಂಬರ್ ಹತ್ತಿರವಾಯಿತೆಂದರೆ ಟೆಕ್ಸಸ್‌ನ ನಮ್ಮ ಕನ್ನಡ ಸಂಘಕ್ಕೆ ಊರಿನಿಂದ ಬರುವ ಪ್ರಶ್ನೆ ಒಂದೇ: "ಮಗಳ ಬಿಇ ಮುಗಿಯುತ್ತಿದೆ, ಎಂಎಸ್‌ಗೆ ಟೆಕ್ಸಸ್‌ನಲ್ಲಿ ಯಾವ ಯೂನಿವರ್ಸಿಟಿ ಒಳ್ಳೆಯದು?" ಕೇಳುವವರಿಗೆ ಬೇಕಿರುವುದು ಒಂದು ಹೆಸರು. ನಮ್ಮಲ್ಲಿ ಹಲವರು ಹಿಂದೆಮುಂದೆ ನೋಡದೆ ಹೇಳಿಯೂ ಬಿಡುತ್ತಾರೆ. ಅದು ಸಾಮಾನ್ಯವಾಗಿ ತಮ್ಮ ಮನೆಗೆ ಹತ್ತಿರದ್ದು, ಇಲ್ಲವೇ ತಮ್ಮ ಮಕ್ಕಳು ಓದಿದ್ದು. ಹೆಸರು ಹೇಳುವುದಕ್ಕೆ ಮೊದಲು ಫೀಸಿನ ಮಾತು ಆಗಬೇಕು ಎಂಬುದು ಈ ಸಂಚಿಕೆಯ ವಾದ. ಯಾಕೆಂದರೆ ಟೆಕ್ಸಸ್‌ನಲ್ಲಿ ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂತ ಇಬ್ಬರು ಭಾರತೀಯ ವಿದ್ಯಾರ್ಥಿಗಳ ಫೀಸಿನಲ್ಲಿ ಹತ್ತು ಲಕ್ಷ ರೂಪಾಯಿಗೂ ಹೆಚ್ಚು ವ್ಯತ್ಯಾಸ ಇರಬಹುದು, ಮತ್ತು ಅದು ಯಾವ ರ‍್ಯಾಂಕಿಂಗ್ ಪಟ್ಟಿಯಲ್ಲೂ ಕಾಣುವುದಿಲ್ಲ.

ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್‌ಗೆ, ಅಂದರೆ ಬೋಧನಾ ಶುಲ್ಕಕ್ಕೆ, ಎರಡು ದರ. ಟೆಕ್ಸಸ್ ನಿವಾಸಿಗಳಿಗೆ ಕಾನೂನೇ ನಿಗದಿ ಮಾಡಿದ ಮೂಲ ದರ ಒಂದು ಕ್ರೆಡಿಟ್‌ಗೆ (ಕೋರ್ಸಿನ ಪ್ರಮಾಣ ಅಳೆಯುವ ಘಟಕ) 50 ಡಾಲರ್. ಹೊರಗಿನವರ ದರವನ್ನು ರಾಜ್ಯದ ಉನ್ನತ ಶಿಕ್ಷಣ ಮಂಡಳಿ ಪ್ರತಿ ವರ್ಷ ಲೆಕ್ಕ ಹಾಕಿ ಪ್ರಕಟಿಸುತ್ತದೆ. ಎರಡರ ನಡುವಿನ ಅಂತರ ಕ್ರೆಡಿಟ್‌ಗೆ 400 ಡಾಲರ್ ದಾಟುತ್ತದೆ. ಯೂನಿವರ್ಸಿಟಿ ತಾನೇ ಸೇರಿಸುವ ಟ್ಯೂಷನ್, ಲ್ಯಾಬು, ಲೈಬ್ರರಿ ಎಂಬ ಬಗೆಬಗೆಯ ಫೀಸುಗಳು ಇದರ ಮೇಲೆ. ಎಂಎಸ್ ಎಂದರೆ 30ರಿಂದ 36 ಕ್ರೆಡಿಟ್. 33 ಎಂದು ಹಿಡಿದರೂ ಮೂಲ ದರದ ವ್ಯತ್ಯಾಸವೊಂದೇ 13,000 ಡಾಲರ್ ಮೀರಿತು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಎಷ್ಟು ವರ್ಷ ಇಲ್ಲಿದ್ದರೂ ಆ ಕಾರಣಕ್ಕೆ ಟೆಕ್ಸಸ್ ನಿವಾಸಿ ಆಗುವುದಿಲ್ಲ. ಚಿಕ್ಕಪ್ಪನ ಮನೆಯ ವಿಳಾಸ ಕೊಟ್ಟರೆ ಕಡಿಮೆ ಫೀಸು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಕಡಿಮೆ ದರ ಸಿಗುವುದು ಹೇಗೆ? ಮುಖ್ಯವಾಗಿ ಎರಡು ದಾರಿ. ಮೊದಲನೆಯದು ಟೆಕ್ಸಸ್ ಶಿಕ್ಷಣ ಸಂಹಿತೆಯ 54.213ನೇ ವಿಧಿ: ವರ್ಷಕ್ಕೆ ಕನಿಷ್ಠ 1,000 ಡಾಲರ್‌ನ ಸ್ಪರ್ಧಾತ್ಮಕ ಸ್ಕಾಲರ್‌ಶಿಪ್ ಪಡೆದ ಹೊರಗಿನ ವಿದ್ಯಾರ್ಥಿಗೆ ಯೂನಿವರ್ಸಿಟಿ ನಿವಾಸಿ ದರವನ್ನೇ ಹಾಕಬಹುದು. ಅಂದರೆ ಆ ಸಾವಿರ ಡಾಲರ್‌ಗೆ ಇರುವ ಬೆಲೆ ಅದರ ಅಂಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಷರತ್ತುಗಳಿವೆ. ಸ್ಕಾಲರ್‌ಶಿಪ್ ಕೊಡುವುದು ಯೂನಿವರ್ಸಿಟಿಯ ಅಧಿಕೃತ ಸಮಿತಿಯೇ ಆಗಿರಬೇಕು, ಸ್ಪರ್ಧೆಯಲ್ಲಿ ಟೆಕ್ಸಸ್ ವಿದ್ಯಾರ್ಥಿಗಳಿಗೂ ಅವಕಾಶ ಇರಬೇಕು. ಹೊರಗಿನ ಟ್ರಸ್ಟೊಂದು ಕೊಟ್ಟ ಸಾವಿರ ಡಾಲರ್ ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮಂಥ ಸಂಘಗಳು ವಿದ್ಯಾರ್ಥಿವೇತನ ಕೊಡುವಾಗಲೂ ಇದನ್ನು ತಿಳಿಸಿಯೇ ಕೊಡುವುದು ಒಳ್ಳೆಯದು. ಒಂದು ಯೂನಿವರ್ಸಿಟಿ ಹೀಗೆ ರಿಯಾಯಿತಿ ಕೊಡಬಹುದಾದವರ ಸಂಖ್ಯೆಗೆ ಹಿಂದಿನ ವರ್ಷದ ಅದೇ ಸೆಮಿಸ್ಟರ್‌ನ ಒಟ್ಟು ವಿದ್ಯಾರ್ಥಿಗಳ ಶೇ. 5ರ ಮಿತಿ ಇದೆ. ಆದ್ದರಿಂದ ಸ್ಕಾಲರ್‌ಶಿಪ್ ಬಂದರೂ ರಿಯಾಯಿತಿ ತಾನಾಗಿಯೇ ಬರುತ್ತದೆ ಎಂದು ಭಾವಿಸಬಾರದು.

ಎಡವಟ್ಟಾಗುವುದು ಇಲ್ಲಿಯೇ. ಆಫರ್ ಪತ್ರದಲ್ಲಿ "1,000 ಡಾಲರ್ ಸ್ಕಾಲರ್‌ಶಿಪ್" ಎಂದಷ್ಟೇ ಇದ್ದರೆ ಸಾಲದು, ನಿವಾಸಿ ದರ ಅನ್ವಯಿಸುತ್ತದೆ ಎಂಬ ಸಾಲು ಬೇರೆಯಾಗಿ ಇರಬೇಕು. ಇಲ್ಲದಿದ್ದರೆ ವಿಭಾಗಕ್ಕೆ ಮೂರು ಪ್ರಶ್ನೆ ಬರೆಯಿರಿ. ಈ ಸ್ಕಾಲರ್‌ಶಿಪ್‌ಗೆ ನಿವಾಸಿ ದರದ ರಿಯಾಯಿತಿ ಇದೆಯೇ? ಎಷ್ಟು ಸೆಮಿಸ್ಟರ್‌ಗೆ? ಮುಂದುವರಿಯಲು ಜಿಪಿಎ (ಅಂಕಗಳ ಸರಾಸರಿ) ಎಷ್ಟಿರಬೇಕು? ರಿಯಾಯಿತಿ ಒಂದು ಬಾರಿಗೆ ಹೆಚ್ಚೆಂದರೆ 12 ತಿಂಗಳದ್ದು; ಮೊದಲ ವರ್ಷಕ್ಕೆ ಸಿಕ್ಕು ಎರಡನೇ ವರ್ಷ ನವೀಕರಣವಾಗದೆ, ಬ್ಯಾಂಕ್ ಸಾಲದ ಲೆಕ್ಕಾಚಾರವೆಲ್ಲ ತಲೆಕೆಳಗಾಗುವುದುಂಟು. ಇನ್ನೊಂದು ಮಾತು: ಎಷ್ಟೋ ಕಡೆ ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನಾಂಕ ಪ್ರವೇಶದ ಕೊನೆಯ ದಿನಾಂಕಕ್ಕಿಂತ ಮುಂಚೆಯೇ ಇರುತ್ತದೆ. ಏಪ್ರಿಲ್‌ನಲ್ಲಿ ಅರ್ಜಿ ಹಾಕಿದವರಿಗೂ ಸೀಟು ಸಿಕ್ಕೀತು, ರಿಯಾಯಿತಿ ಸಿಗುವುದು ಕಷ್ಟ.

ಎರಡನೆಯ ದಾರಿ 54.212ನೇ ವಿಧಿ. ತನ್ನ ಪದವಿಗೆ ಸಂಬಂಧಿಸಿದ ಕೆಲಸದಲ್ಲಿ ಅರ್ಧಾವಧಿ, ಅಂದರೆ ವಾರಕ್ಕೆ 20 ಗಂಟೆ, ಟೀಚಿಂಗ್ ಅಥವಾ ರಿಸರ್ಚ್ ಅಸಿಸ್ಟೆಂಟ್ (ಟಿಎ, ಆರ್‌ಎ) ಆಗಿದ್ದವರಿಗೆ ನಿವಾಸಿ ದರ. ಹತ್ತು ಗಂಟೆಯ ಗ್ರೇಡರ್ ಕೆಲಸಕ್ಕಾಗಲಿ, ಕ್ಯಾಂಟೀನಿನ ಗಂಟೆ ಲೆಕ್ಕದ ಕೆಲಸಕ್ಕಾಗಲಿ ಇದು ಸಿಗುವುದಿಲ್ಲ. ತರಗತಿ ನಡೆಯುವಾಗ ಎಫ್-1 ವಿದ್ಯಾರ್ಥಿ ಕ್ಯಾಂಪಸ್ಸಿನಲ್ಲಿ ಮಾಡಬಹುದಾದ ಒಟ್ಟು ಕೆಲಸವೇ ವಾರಕ್ಕೆ 20 ಗಂಟೆ. ಹೀಗಾಗಿ ಟಿಎ ಸಿಕ್ಕರೆ ಬೇರೆ ಕೆಲಸಕ್ಕೆ ಜಾಗವಿಲ್ಲ, ಬೇಕಾಗುವುದೂ ಇಲ್ಲ. ಪಿಎಚ್‌ಡಿಗೆ ಬರುವವರಿಗೆ ಇದು ಮೊದಲ ದಿನದಿಂದಲೇ ಇರುವುದು ವಾಡಿಕೆ. ಎಂಎಸ್‌ನವರಿಗೆ ಮೊದಲ ಸೆಮಿಸ್ಟರಿನಲ್ಲಿ ಸಿಗುವುದು ಅಪರೂಪ. ಅದನ್ನು ನಂಬಿ ಬಜೆಟ್ ಹಾಕಬಾರದು.

ರೈಸ್, ಎಸ್‌ಎಂಯು (ಸದರ್ನ್ ಮೆಥಡಿಸ್ಟ್), ಬೇಲರ್ ಯೂನಿವರ್ಸಿಟಿಗಳು ಖಾಸಗಿಯವು. ಅಲ್ಲಿ ಎಲ್ಲರಿಗೂ ಒಂದೇ ದರ, ಮೇಲಿನ ಕಾನೂನು ಲಾಗೂ ಆಗದು. ರಿಯಾಯಿತಿ ಏನಿದ್ದರೂ ಅವರವರ ಸ್ವಂತ ಹಣದಿಂದ.

ಫೀಸು ಸರಿಹೊಂದಿದ ಮೇಲೆ ನೋಡಬೇಕಾದದ್ದು ಕೋರ್ಸಿನ ಕೋಡು. ವೀಸಾಕ್ಕಾಗಿ ಯೂನಿವರ್ಸಿಟಿ ಕೊಡುವ ಐ-20 ಪತ್ರದ ಮೊದಲ ಪುಟದಲ್ಲಿ ಕೋರ್ಸಿನ ಹೆಸರಿನ ಜೊತೆ ಆರಂಕಿಯ ಸಿಐಪಿ ಕೋಡ್ ಇರುತ್ತದೆ. ಕಂಪ್ಯೂಟರ್ ಸೈನ್ಸ್ ಆದರೆ 11.0701. ಓದು ಮುಗಿದ ಮೇಲಿನ 12 ತಿಂಗಳ ಒಪಿಟಿ, ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿ, ಎಲ್ಲರಿಗೂ ಇದೆ, ಅದರ ಮೇಲಿನ 24 ತಿಂಗಳು ಈ ಕೋಡು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದವರಿಗೆ ಮಾತ್ರ. ಎಂಜಿನಿಯರಿಂಗ್‌ನವರಿಗೆ ಈ ಚಿಂತೆ ಕಡಿಮೆ. ತೊಂದರೆ ಬರುವುದು ಮ್ಯಾನೇಜ್‌ಮೆಂಟ್ ಮತ್ತು ಐಟಿ ನಡುವಿನ ಕೋರ್ಸುಗಳಲ್ಲಿ. ಹೆಸರು ಹೆಚ್ಚುಕಡಿಮೆ ಒಂದೇ ಇರುತ್ತದೆ, ಒಂದು ಕಡೆ ಕೋಡ್ 52.1301, ಅಂದರೆ ಮ್ಯಾನೇಜ್‌ಮೆಂಟ್ ಸೈನ್ಸ್, ಸ್ಟೆಮ್. ಇನ್ನೊಂದು ಕಡೆ 52.1201, ಅಂದರೆ ಮ್ಯಾನೇಜ್‌ಮೆಂಟ್ ಇನ್‌ಫರ್ಮೇಷನ್ ಸಿಸ್ಟಮ್ಸ್, ಸ್ಟೆಮ್ ಅಲ್ಲ. ಎರಡು ವರ್ಷದ ಕೆಲಸದ ಅವಕಾಶ ಈ ಒಂದು ಅಂಕಿಯ ಮೇಲೆ ನಿಂತಿದೆ. ಬ್ರೋಷರ್‌ನಲ್ಲಿ "ಸ್ಟೆಮ್" ಎಂದು ಬರೆದಿದ್ದರೂ ಕೋಡನ್ನೇ ಇಮೇಲ್‌ನಲ್ಲಿ ಕೇಳಿ ತರಿಸಿಕೊಳ್ಳಿ.

ಇನ್ನು ಜಾಗ. ಊರಿನಲ್ಲಿ ಕುಳಿತು ನಕ್ಷೆ ನೋಡುವವರಿಗೆ ಟೆಕ್ಸಸ್‌ನ ಅಳತೆ ಅಂದಾಜಿಗೆ ಸಿಗುವುದಿಲ್ಲ. ಹ್ಯೂಸ್ಟನ್‌ನಿಂದ ಎಲ್ ಪಾಸೊಗೆ ರಸ್ತೆಯಲ್ಲಿ ಸುಮಾರು 1,200 ಕಿ.ಮೀ.; ಬೆಂಗಳೂರಿಗೆ ಮುಂಬೈ ಇದಕ್ಕಿಂತ ಹತ್ತಿರ. ಟೆಕ್ಸಸ್ ಟೆಕ್ ಯೂನಿವರ್ಸಿಟಿ ಇರುವ ಲಬಕ್‌ಗೆ ಡಲ್ಲಾಸ್‌ನಿಂದ ಕಾರಿನಲ್ಲಿ ಐದು ಗಂಟೆಯ ದಾರಿ. "ಅಣ್ಣ ಟೆಕ್ಸಸ್‌ನಲ್ಲೇ ಇದ್ದಾನೆ" ಎಂಬ ಧೈರ್ಯಕ್ಕೆ ಎಷ್ಟು ಬೆಲೆ ಎಂಬುದು ಅಣ್ಣ ಯಾವ ಊರಿನಲ್ಲಿದ್ದಾನೆ ಎಂಬುದರ ಮೇಲಿದೆ.

ಅದೇ ಊರಿನಲ್ಲಿದ್ದರೂ ಕೇಳಬೇಕಾದ ಪ್ರಶ್ನೆ: ಬಸ್ಸು ಇದೆಯೇ? ಫ್ರಿಸ್ಕೊದಲ್ಲಿ ನಮ್ಮವರ ಮನೆಗಳು ಬೇಕಾದಷ್ಟಿವೆ, ಆದರೆ ಆ ಊರು ಡಲ್ಲಾಸ್ ಪ್ರದೇಶದ ಡಾರ್ಟ್ ಸಾರಿಗೆಗೆ ಸೇರಿಯೇ ಇಲ್ಲ. ಸುಮಾರು ನಾಲ್ಕು ಲಕ್ಷ ಜನರಿರುವ ಆರ್ಲಿಂಗ್ಟನ್‌ನಲ್ಲಿ ನಿಗದಿತ ಮಾರ್ಗದ ನಗರ ಬಸ್ಸಿನ ಜಾಲವೇ ಇಲ್ಲ. ಆ್ಯಪ್‌ನಲ್ಲಿ ಕರೆದರೆ ಬರುವ ಹಂಚಿಕೆ ವ್ಯಾನು ಮಾತ್ರ. ಹಾಗಾಗಿ ಯುಟಿ (ಯೂನಿವರ್ಸಿಟಿ ಆಫ್ ಟೆಕ್ಸಸ್) ಆರ್ಲಿಂಗ್ಟನ್ ಸೇರುವವರು ಫ್ರಿಸ್ಕೊದ ಬಂಧುಗಳ ಮನೆಯಲ್ಲಿದ್ದು ಓಡಾಡುತ್ತೇವೆ ಎಂದರೆ ಅದು ಕಾರಿಲ್ಲದೆ ಆಗದ ಮಾತು. ಬಾಡಿಗೆ ಉಳಿಯುತ್ತದೆ ಎಂದು ಹಾಕಿದ ಲೆಕ್ಕವನ್ನು ಕಾರಿನ ವಿಮೆಯೇ ನುಂಗುತ್ತದೆ. ಆರ್ಲಿಂಗ್ಟನ್‌ನಲ್ಲಿ ಓದುವುದಾದರೆ ಕ್ಯಾಂಪಸ್ಸಿಗೆ ನಡೆದು ಹೋಗುವಷ್ಟು ಹತ್ತಿರ ಕೋಣೆ ಹಿಡಿಯಿರಿ, ಆಗ ಅದು ಅಗ್ಗದ ಒಳ್ಳೆಯ ಊರೇ. ರಿಚರ್ಡ್‌ಸನ್‌ನ ಯುಟಿ ಡಲ್ಲಾಸ್‌ಗೆ ಡಾರ್ಟ್ ಬಸ್ಸುಗಳಿವೆ. 2025ರ ಅಕ್ಟೋಬರ್‌ನಲ್ಲಿ ಶುರುವಾದ ಸಿಲ್ವರ್ ಲೈನ್ ರೈಲಿಗೆ ಕ್ಯಾಂಪಸ್ ಪಕ್ಕದಲ್ಲೇ ನಿಲ್ದಾಣ, ಅದೇ ರೈಲು ಡಿಎಫ್‌ಡಬ್ಲ್ಯೂ ವಿಮಾನ ನಿಲ್ದಾಣಕ್ಕೂ ಹೋಗುತ್ತದೆ. ಯೂನಿವರ್ಸಿಟಿ ಆಫ್ ಹ್ಯೂಸ್ಟನ್ ಪಕ್ಕ ಮೆಟ್ರೊದ ಪರ್ಪಲ್ ಲೈನ್ ಇದೆ. ಆಸ್ಟಿನ್‌ನಲ್ಲಿ ಯುಟಿ ಗುರುತಿನ ಚೀಟಿ ತೋರಿಸಿದರೆ ಸಿಟಿ ಬಸ್ಸು ಉಚಿತ, ಬಾಡಿಗೆ ಮಾತ್ರ ದುಬಾರಿ.

ಊರು ಯಾವ ಉದ್ಯಮದ ಮಡಿಲಲ್ಲಿದೆ ಎಂಬುದೂ ಇಂಟರ್ನ್‌ಶಿಪ್ ಹೊತ್ತಿಗೆ ಮುಖ್ಯ. ಡಲ್ಲಾಸ್ ಎಂದರೆ ಟೆಲಿಕಾಂ, ಕಂಪ್ಯೂಟರ್ ಚಿಪ್, ಬ್ಯಾಂಕಿನ ಐಟಿ. ಯುಟಿ ಡಲ್ಲಾಸ್ ಹುಟ್ಟಿದ್ದೇ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸ್ಥಾಪಕರು 1961ರಲ್ಲಿ ಕಟ್ಟಿದ ಸಂಶೋಧನಾ ಕೇಂದ್ರದಿಂದ, ಅದು ಯುಟಿ ವ್ಯವಸ್ಥೆಗೆ ಸೇರಿದ್ದು 1969ರಲ್ಲಿ. ಪೆಟ್ರೋಲಿಯಂ, ಕೆಮಿಕಲ್, ಬಯೊಮೆಡಿಕಲ್‌ನವರಿಗೆ ಹ್ಯೂಸ್ಟನ್. ಸೆಮಿಕಂಡಕ್ಟರ್ ಮತ್ತು ಸಾಫ್ಟ್‌ವೇರ್‌ನವರಿಗೆ ಆಸ್ಟಿನ್. ಕಾಲೇಜ್ ಸ್ಟೇಷನ್ನಿನ ಟೆಕ್ಸಸ್ ಎ ಆ್ಯಂಡ್ ಎಂ ಸುತ್ತ ದೊಡ್ಡ ಉದ್ಯಮವಿಲ್ಲ. ಆದರೆ ಅದರ ಹಳೆಯ ವಿದ್ಯಾರ್ಥಿಗಳ ಬಳಗ ಗಟ್ಟಿ, ಕಂಪನಿಗಳು ಅಲ್ಲಿಗೇ ಬರುತ್ತವೆ.

ಕನ್ಸಲ್ಟೆನ್ಸಿಗಳ ಬಗ್ಗೆಯೂ ಹೇಳಬೇಕು. "ನಿಮಗೆ ಉಚಿತ" ಎನ್ನುವ ಬೆಂಗಳೂರಿನ ಕಚೇರಿಗೆ ಬಾಡಿಗೆ ಕಟ್ಟುವವರು ಯಾರು ಎಂದು ಒಮ್ಮೆ ಯೋಚಿಸಿ: ಬಹುಪಾಲು ಕಮಿಷನ್ ಕೊಡುವ ಯೂನಿವರ್ಸಿಟಿಗಳೇ. ಕಮಿಷನ್ ಕೊಡದ ಯೂನಿವರ್ಸಿಟಿಗಳ ಹೆಸರು ಅವರ ಪಟ್ಟಿಗೆ ಬರುವುದು ಕಡಿಮೆ. ಅವರು ಬರೆದುಕೊಡುವ ಎಸ್‌ಒಪಿ (ಓದಿನ ಉದ್ದೇಶ ತಿಳಿಸುವ ಪತ್ರ) ಹತ್ತು ಜನರಿಗೆ ಒಂದೇ ಆಗಿರುವುದೂ ಉಂಟು. ವಿಟಿಯು ಅಂಕಗಳನ್ನು ಅವರೇ ನಾಲ್ಕರ ಜಿಪಿಎಗೆ ಪರಿವರ್ತಿಸಿ ತುಂಬಿದರೆ ಅದು ನಿಮ್ಮ ಹೆಸರಿನಲ್ಲಿ ಆಗುವ ತಪ್ಪು. ಅರ್ಜಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಮಾರ್ಕ್ಸ್ ಕಾರ್ಡ್‌ನಲ್ಲಿ ಹತ್ತಕ್ಕೆ ಎಷ್ಟಿದೆಯೋ ಹಾಗೆಯೇ ಬರೆಯಿರಿ.

"ಸೇರಿದ ದಿನದಿಂದಲೇ ಸಿಪಿಟಿ, ಕೆಲಸ ಮಾಡಿಕೊಂಡೇ ಓದಬಹುದು" ಎಂಬ ಆಮಿಷ ಇನ್ನೂ ಅಪಾಯದ್ದು. ಸಿಪಿಟಿ ಎಂದರೆ ಓದುತ್ತಿರುವಾಗಲೇ ಕೋರ್ಸಿನ ಭಾಗವಾಗಿ ಮಾಡುವ ಕೆಲಸದ ತರಬೇತಿ. ಅದಕ್ಕೆ ಸಾಮಾನ್ಯ ನಿಯಮ ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿದಿರಬೇಕು ಎಂಬುದು. ತಕ್ಷಣದ ತರಬೇತಿ ಕಡ್ಡಾಯವಾಗಿರುವ ಸ್ನಾತಕೋತ್ತರ ಕೋರ್ಸಿಗೆ ಮಾತ್ರ ವಿನಾಯಿತಿ. ಪೂರ್ಣಾವಧಿ ಸಿಪಿಟಿ 12 ತಿಂಗಳು ತಲುಪಿದರೆ ಆ ಹಂತದ ಒಪಿಟಿ ಹೋಯಿತು. ಮುಂದೆ ಎಚ್-1ಬಿ ಕೆಲಸದ ವೀಸಾಕ್ಕೆ ಅರ್ಜಿ ಹಾಕುವಾಗ ಈ ಹಳೆಯ ಕಡತವನ್ನೇ ಕೆದಕುತ್ತಾರೆ. ಮಿಷಿಗನ್‌ನ "ಫಾರ್ಮಿಂಗ್ಟನ್ ಯೂನಿವರ್ಸಿಟಿ" ಎಂಬುದು ವಲಸೆ ಇಲಾಖೆಯೇ ಬಲೆಯಾಗಿ ನಡೆಸಿದ ನಕಲಿ ಸಂಸ್ಥೆ ಎಂದು 2019ರಲ್ಲಿ ಬಯಲಾದಾಗ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಭಾರತೀಯರು. ಅದರ ಹೆಸರು ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯಲ್ಲೂ ಇತ್ತು ಎಂಬುದು ಮರೆಯಬಾರದ ಸಂಗತಿ. ಆದ್ದರಿಂದ ಪಟ್ಟಿ ನೋಡಿದರೆ ಸಾಲದು: ತರಗತಿಗಳ ವೇಳಾಪಟ್ಟಿ, ಅಧ್ಯಾಪಕರ ಪುಟ ಎಲ್ಲವೂ ಸಾರ್ವಜನಿಕವಾಗಿ ಕಾಣಬೇಕು. ಟೆಕ್ಸಸ್‌ನ ಸರ್ಕಾರಿ ಯೂನಿವರ್ಸಿಟಿಗಳು ಪದವಿ ತರಗತಿಗಳ ಪಠ್ಯಕ್ರಮ ಮತ್ತು ಅಧ್ಯಾಪಕರ ವಿವರ ಅಂತರ್ಜಾಲದಲ್ಲಿ ಹಾಕಲೇಬೇಕೆಂದು 2009ರ ಕಾನೂನೇ ಇದೆ.

ಪಿಯುಸಿ ಮುಗಿಸಿ ಬಿಎಸ್‌ಗೆ ಬರುವವರಿಗೆ ಒಂದು ಎಚ್ಚರಿಕೆ. ಯುಟಿ ಆಸ್ಟಿನ್ ತನ್ನ ಮೊದಲ ವರ್ಷದ ಸೀಟುಗಳಲ್ಲಿ ಶೇ. 90ನ್ನು ಟೆಕ್ಸಸ್‌ನವರಿಗೇ ಇಡುತ್ತದೆ. ಉಳಿದ ಶೇ. 10ರಲ್ಲಿ ಬೇರೆ ರಾಜ್ಯದವರೂ ಇಡೀ ಪ್ರಪಂಚವೂ ಸೇರಿ ಪೈಪೋಟಿ. ಅರ್ಜಿ ಹಾಕಿ, ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಆಫರ್‌ಗಳು ಬಂದ ಮೇಲೆ ಒತ್ತಡ ಶುರುವಾಗುತ್ತದೆ: "ಮಾರ್ಚ್ 1ರೊಳಗೆ ಡೆಪಾಸಿಟ್ ಕಟ್ಟಿ." ಟಿಎ, ಆರ್‌ಎ, ಫೆಲೊಶಿಪ್‌ನಂಥ ಹಣಕಾಸಿನ ಆಫರ್‌ಗೆ ಏಪ್ರಿಲ್ 15ರವರೆಗೆ ಉತ್ತರಿಸುವ ಸಮಯ ಕೊಡಬೇಕೆಂದು ಅಮೆರಿಕದ ಹಲವು ಗ್ರಾಜುಯೇಟ್ ಸ್ಕೂಲ್‌ಗಳು ಒಪ್ಪಂದ ಮಾಡಿಕೊಂಡಿವೆ. ಹಣವಿಲ್ಲದ ಬರೀ ಪ್ರವೇಶಕ್ಕೆ ಈ ರಕ್ಷಣೆ ಇಲ್ಲ. ಎರಡು ಮೂರು ಕಡೆಯಿಂದ ಐ-20 ತರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಪ್ರತಿಯೊಂದಕ್ಕೂ ಬೇರೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಸಂಖ್ಯೆ. ಸೇರುವುದು ಎಲ್ಲಿ ಎಂದು ಗಟ್ಟಿಯಾದ ಮೇಲೆ ಆ ಸಂಖ್ಯೆಗೇ 350 ಡಾಲರ್ ಸೆವಿಸ್ ಫೀಸು ಕಟ್ಟಿ, ಅದೇ ಐ-20 ಹಿಡಿದು ಸಂದರ್ಶನಕ್ಕೆ ಹೋಗಿ, ಅದೇ ಯೂನಿವರ್ಸಿಟಿಗೆ ಮೊದಲ ಪ್ರವೇಶ ಮಾಡಿ.

ಕೊನೆಯದಾಗಿ ಒಂದು ಸೂಜಿ. 22 ತುಂಬದ ಹೊಸ ವಿದ್ಯಾರ್ಥಿಗಳು ಬ್ಯಾಕ್ಟೀರಿಯಲ್ ಮೆನಿಂಜೈಟಿಸ್ ಲಸಿಕೆಯನ್ನು ತರಗತಿ ಶುರುವಾಗುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು, ಲಸಿಕೆ ಐದು ವರ್ಷಕ್ಕಿಂತ ಹಳೆಯದಾಗಿರಬಾರದು. ಇದು ಟೆಕ್ಸಸ್ ಕಾನೂನು. ಇಲ್ಲಿಗೆ ಬಂದಿಳಿದ ಮೇಲೆ ನೋಡೋಣ ಎಂದವರ ನೋಂದಣಿಗೆ ತಡೆ ಬೀಳುತ್ತದೆ, ಅಷ್ಟರಲ್ಲಿ ಬೇಕಾದ ಕೋರ್ಸಿನ ಸೀಟು ಭರ್ತಿಯಾಗಿರುತ್ತದೆ. ಬೆಂಗಳೂರಿನಲ್ಲೇ ಹಾಕಿಸಿ, ದಿನಾಂಕ ಮತ್ತು ವೈದ್ಯರ ಸಹಿ ಇರುವ ಇಂಗ್ಲಿಷ್ ಪ್ರಮಾಣಪತ್ರವನ್ನು ಜುಲೈನಲ್ಲೇ ಅಪ್‌ಲೋಡ್ ಮಾಡಿ.