ಮಗುವಿನ ಸ್ನಾನದ ಸೀಟು ಒಮ್ಮೆ ತಿರುಗಿಸಿ ನೋಡಿ

ಪುಟ್ಟ ಮಕ್ಕಳಿರುವವರು ದಯವಿಟ್ಟು ಪೂರ್ತಿ ಓದಿ.

ಮಗುವನ್ನು ಕೂರಿಸಿ ಸ್ನಾನ ಮಾಡಿಸುವ ಪ್ಲಾಸ್ಟಿಕ್ ಸೀಟುಗಳು ಎಷ್ಟೋ ಸಲ ರೀಕಾಲ್ ಆಗಿವೆ, ಅಂದರೆ ದೋಷವಿದೆ ಎಂದು ಮಾರಿದ ಮೇಲೂ ವಾಪಸ್ ಕರೆಸಿಕೊಳ್ಳಲಾಗಿದೆ. ಕೆಲವು ಸೀಟುಗಳು ತಳದ ಹಿಡಿತ ಬಿಟ್ಟು ಮಗುಚುತ್ತವೆ. ಕೆಲವದರಲ್ಲಿ ಕಾಲು ತೂರಿಸುವ ಜಾಗ ಅಗಲವಾಗಿದ್ದು ಮಗು ಜಾರಿಬಿಡುತ್ತದೆ. ಮುಳುಗಲು 5 ಸೆಂ.ಮೀ. ನೀರೂ ಸಾಕು. ಸದ್ದು ಕೂಡ ಕೇಳಿಸದೇ ಹೋಗಬಹುದು.

ಸೀಟಿನ ಅಡಿಯಲ್ಲಿ ಸಾಮಾನ್ಯವಾಗಿ ಮಾಡೆಲ್, ಬ್ಯಾಚ್ ನಂಬರ್ ಇರುತ್ತದೆ. ರೀಕಾಲ್ ಪಟ್ಟಿಯಲ್ಲಿ ಹುಡುಕಿ. ಸಿಕ್ಕರೆ ಇವತ್ತೇ ಬಳಕೆ ನಿಲ್ಲಿಸಿ, ಇನ್ನೊಬ್ಬರಿಗೂ ಕೊಡಬೇಡಿ. ಬೇರೆಯವರು ಬಳಸಿದ್ದನ್ನು ತಂದಿದ್ದರೆ ಜಾಸ್ತಿ ಎಚ್ಚರ ಬೇಕು, ರೀಕಾಲ್ ಆದರೆ ತಿಳಿಸಲು ಕಂಪನಿಯ ಬಳಿ ನಿಮ್ಮ ಫೋನ್ ನಂಬರ್ ಇರುವುದಿಲ್ಲ ಅಲ್ವಾ?

ರೀಕಾಲ್ ಆಗದ ಸೀಟಾದರೂ ಅದನ್ನು ನಂಬಿ ಮಗುವನ್ನು ಬಿಟ್ಟು ಏಳಬೇಡಿ. ಟವೆಲ್ ಮರೆತಿದ್ದರೆ ಮಗುವನ್ನು ಎತ್ತಿಕೊಂಡೇ ಹೋಗಿ.