ಉತ್ಸಾಹ ಅಳೆಯುವ ಮೊದಲು ಮೀಟಿಂಗಿನ ವೇಳೆ ತಿಳಿಸಿ

ಮಾನ್ಯ ಸಂಪಾದಕರೇ,

ನೌಕರರಿಗೆ ಕೆಲಸದಲ್ಲಿ ಎಷ್ಟು ಉತ್ಸಾಹವಿದೆ ಎಂದು ಅಳೆಯುವುದು ಈಗ ಕಂಪನಿಗಳಲ್ಲಿ ರೂಢಿಯಾಗಿದೆ. ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿರುವ ನನಗೂ 'ಎಂಗೇಜ್‌ಮೆಂಟ್ ಸರ್ವೆ' ಎಂಬ ಫಾರಂ ಬರುತ್ತದೆ. ಬೆಳಿಗ್ಗೆ ಎದ್ದಾಗ ಕೆಲಸಕ್ಕೆ ಹೋಗಬೇಕು ಅನಿಸುತ್ತದೆಯೇ, ಕೆಲಸದಲ್ಲಿ ಮೈಮರೆಯುತ್ತೀರಾ ಎಂಬಂಥ ಪ್ರಶ್ನೆಗಳು. ನಾನು ಪೂರ್ತಿ ಅಂಕ ಹಾಕುತ್ತೇನೆ. ಮ್ಯಾನೇಜರನ್ನು ಮೆಚ್ಚಿಸಲು ಅಲ್ಲ. ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ರಾತ್ರಿ ಅವನ ಕಾಲು ಸೆಟೆದುಕೊಂಡಾಗ ಎದ್ದು ನೀವಿ, ಮಗ್ಗುಲು ಬದಲಿಸಿ, ಬೆಳಿಗ್ಗೆ ಎತ್ತಿ ಸ್ನಾನ ಮಾಡಿಸಿ, ಹಾಲಿನಲ್ಲಿ ಕಿವುಚಿದ ಇಡ್ಲಿಯನ್ನು ಗಂಟಲಿಗೆ ಸಿಕ್ಕದಂತೆ ಚಮಚ ಚಮಚವಾಗಿ ತಿನ್ನಿಸಿ ಬಂದವನಿಗೆ ಜಿಎಸ್‌ಟಿ ರಿಟರ್ನ್ ಮುಂದೆ ಕೂರುವುದೇ ಒಂದು ವಿರಾಮ. ಅಲ್ಲಿ ಲೆಕ್ಕವಾದರೂ ತಾಳೆಯಾಗುತ್ತದೆ!

ಹಾಗಾಗಿ 'ಇಂಥ ಮಕ್ಕಳಿರುವವರಿಗೆ ಕೆಲಸದ ಮೇಲೆ ಗಮನ ಇರೋಲ್ಲ' ಎಂಬ ಮಾತು ಕಿವಿಗೆ ಬಿದ್ದಾಗ ಸಿಟ್ಟು ಬರುತ್ತದೆ. ಗಮನ ಕೆಡಿಸುವುದು ಮಗುವಲ್ಲ, ಸಂಜೆ ನಾಲ್ಕೂವರೆಗೆ ದಿಢೀರನೆ ಕರೆಯುವ ಮೀಟಿಂಗು. ಐದೂವರೆಯ ಫಿಸಿಯೋಥೆರಪಿ ಸ್ಲಾಟ್ ಪದೇ ಪದೇ ತಪ್ಪಿದರೆ ಅದು ಸರದಿಯಲ್ಲಿರುವ ಬೇರೆ ಮಗುವಿಗೆ ಹೋಗುತ್ತದೆ. ಮಗನನ್ನು ಎತ್ತಿ ಆಟೋಗೆ ಕೂರಿಸಲು ಇಬ್ಬರು ಬೇಕು. ಮೀಟಿಂಗ್ ಇದೆಯೆಂದು ಹಿಂದಿನ ದಿನ ಹೇಳಿದರೆ ನನ್ನ ಹೆಂಡತಿ ಅವಳ ತಮ್ಮನನ್ನು ಕರೆಸಿಕೊಳ್ಳುತ್ತಾಳೆ. ಹತ್ತು ನಿಮಿಷ ಮುಂಚೆ ಹೇಳಿದರೆ ನಾನು ಮೇಜಿನ ಕೆಳಗೆ ಫೋನ್ ಹಿಡಿದು ಯಾರ್‍ಯಾರಿಗೋ ಮೆಸೇಜ್ ಹಾಕುತ್ತಾ ಕೂತಿರುತ್ತೇನೆ. ನೋಡಿದವರು ಅದನ್ನೇ ನಿರಾಸಕ್ತಿ ಎನ್ನುತ್ತಾರೆ.

ಹೊರರಾಜ್ಯದ ಶಾಖೆಗೆ ಬಡ್ತಿ ಕೊಟ್ಟಾಗ ಒಲ್ಲೆ ಎಂದೆ. ಮಗನ ಥೆರಪಿಸ್ಟ್, ಅವನನ್ನು ಸೇರಿಸಿಕೊಂಡ ಶಾಲೆ, ನೆಲಮಹಡಿಯ ಬಾಡಿಗೆ ಮನೆ ಎಲ್ಲ ಇರುವುದು ಇಲ್ಲಿ. ಮೇಲಾಗಿ ಅವನಿಗೆ ತಿಳಿಯುವುದು ಕನ್ನಡ ಮಾತ್ರ. ಆ ವರ್ಷದ ಅಪ್ರೈಸಲ್‌ನಲ್ಲಿ 'ಬೆಳೆಯುವ ಹಂಬಲ ಕಡಿಮೆ' ಎಂದು ಬರೆದರು.

ಕೇಂದ್ರ ಸರ್ಕಾರಿ ನೌಕರರಿಗೆ ಈ ಕಷ್ಟ ತಪ್ಪಿಸಲೆಂದೇ 2014ರ ಜೂನ್‌ನಲ್ಲಿ ಆದೇಶವಾಗಿದೆ. ವಿಕಲಚೇತನ ಮಗುವನ್ನು ನೋಡಿಕೊಳ್ಳುವ ನೌಕರರನ್ನು ಸರದಿ ವರ್ಗಾವಣೆಯಿಂದ ಬಿಡಬಹುದು. 730 ದಿನಗಳ ಶಿಶುಪಾಲನಾ ರಜೆಯೂ ಇದೆ, ವಿಕಲಚೇತನ ಮಗುವಾದರೆ ಅದಕ್ಕೆ ವಯಸ್ಸಿನ ಮಿತಿಯಿಲ್ಲ. ಆದರೆ ರಜೆ ಸಿಗುವುದು ಮಹಿಳೆಯರಿಗೆ ಮತ್ತು ಒಂಟಿ ತಂದೆಯರಿಗೆ. ಹೆಂಡತಿ ಇರುವ ಗಂಡಸು ಕೇಳಿದರೆ ಸರ್ಕಾರವೂ ನಮ್ಮ ಎಚ್‌ಆರ್‌ನವರ ಹಾಗೆಯೇ 'ಮನೇಲಿ ಮಿಸೆಸ್ ಇದಾರಲ್ಲ' ಎನ್ನುತ್ತದೆ. ಹೌದು, ಇದ್ದಾಳೆ. ಅದಕ್ಕಾಗಿ ಕಾಲೇಜಿನ ಕೆಲಸ ಬಿಟ್ಟಿದ್ದಾಳೆ. 2024ರ ಏಪ್ರಿಲ್‌ನಲ್ಲಿ ಹಿಮಾಚಲ ಪ್ರದೇಶದ ಅಧ್ಯಾಪಕಿಯೊಬ್ಬರು ಮಗನ ಆರೈಕೆಗೆ ರಜೆ ಸಿಗದೆ ಸುಪ್ರೀಂ ಕೋರ್ಟಿಗೆ ಹೋದಾಗ, ಹೆಣ್ಣುಮಕ್ಕಳು ಉದ್ಯೋಗದಲ್ಲಿ ಉಳಿಯುವುದು ಸಂವಿಧಾನದ ಅಗತ್ಯ, ಯಾರೋ ಕೊಡುವ ಸವಲತ್ತಲ್ಲ ಎಂದು ಪೀಠ ಹೇಳಿತ್ತು.

ಖಾಸಗಿಯವರಿಗೆ ಇದ್ಯಾವುದೂ ಅನ್ವಯಿಸದು. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಪಾಡಂತೂ ನನಗಿಂತ ಕಡೆ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಇರುವಲ್ಲಿ ಮನೆಗೊಂದು ಫೋನ್ ಮಾಡುವುದೂ ಕಷ್ಟ. ಕಾರ್ಖಾನೆಯ ಶಿಶುಪಾಲನಾ ಕೇಂದ್ರ ಕಾನೂನಿನಂತೆ ಆರು ವರ್ಷದೊಳಗಿನವರಿಗೆ. ಹತ್ತು ವರ್ಷವಾದರೂ ಕೂಸಿನಂತೆ ನೋಡಿಕೊಳ್ಳಬೇಕಾದ ಮಗುವಿಗೆ ಅಲ್ಲಿ ಜಾಗವಿಲ್ಲ. (ಲೆಕ್ಕದವನಾಗಿ ಇದೊಂದು ಹೇಳಿಬಿಡುತ್ತೇನೆ: ಅಂಗವಿಕಲ ಅವಲಂಬಿತರಿಗಾಗಿ 75,000 ರೂಪಾಯಿ, ತೀವ್ರ ವೈಕಲ್ಯವಿದ್ದರೆ 1,25,000 ರೂಪಾಯಿ ಆದಾಯ ತೆರಿಗೆ ಕಡಿತವಿದೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದೂ ಇಲ್ಲ.)

ಕೇಳಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಕೇಳಬೇಕಾದರೆ ಮೊದಲು ಹೇಳಿಕೊಳ್ಳಬೇಕು. ಒಮ್ಮೆ ಹೇಳಿಕೊಂಡರೆ 'ಪಾಪ' ಶುರುವಾಗುತ್ತದೆ, ಆಮೇಲೆ ಮುಖ್ಯ ಕೆಲಸಗಳು ಮೆಲ್ಲಗೆ ಪಕ್ಕದ ಟೇಬಲ್ಲಿಗೆ ಹೋಗುತ್ತವೆ. ಲಂಡನ್ನಿನ ವಕೀಲರ ಕಚೇರಿಯೊಂದರಲ್ಲಿ ಸೆಕ್ರೆಟರಿಯಾಗಿದ್ದ ತಾಯಿಯೊಬ್ಬರು, ಮಗನಿಗಾಗಿ ಬಿಡುವು ಕೇಳಿದ್ದಕ್ಕೆ ತನ್ನನ್ನು ಸೋಮಾರಿ ಎಂದರೆಂದು ದೂರಿದ್ದರು. 2008ರಲ್ಲಿ ಯುರೋಪಿನ ನ್ಯಾಯಾಲಯ, ವೈಕಲ್ಯ ಮಗುವಿಗಿದ್ದರೂ ಅದರಿಂದ ಕೆಲಸದಲ್ಲಿ ತಾರತಮ್ಯಕ್ಕೆ ಗುರಿಯಾದ ಪೋಷಕರಿಗೂ ಕಾನೂನಿನ ರಕ್ಷಣೆ ಇದೆ ಎಂದಿತು.

ಖಾಸಗಿಯವರಿಗೂ ನಿಯಮ ಮಾಡುವುದು ನಮ್ಮ ಸರ್ಕಾರಕ್ಕೆ ಆಗದ ಮಾತೇನಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪಿದ ಋತುಚಕ್ರ ರಜೆಯ ನೀತಿಯಲ್ಲಿ ಗಾರ್ಮೆಂಟ್ಸ್, ಐಟಿ, ಇತರ ಖಾಸಗಿ ಉದ್ದಿಮೆಗಳನ್ನೂ ಸೇರಿಸಿದೆ. ಅದೇ ರೀತಿ, ಮಗುವಿನ ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ತೋರಿಸಿದ ನೌಕರರಿಗೆ ಶಿಫ್ಟಿನ ಪಟ್ಟಿ ಒಂದು ವಾರ ಮುಂಚೆ ಸಿಗಬೇಕು, ಥೆರಪಿಯ ದಿನ ಬೇಗ ಬಂದು ಬೇಗ ಹೊರಡಲು ಅವಕಾಶವಿರಬೇಕು, ಒಪ್ಪಿಗೆಯಿಲ್ಲದೆ ಬೇರೆ ಊರಿಗೆ ಹಾಕಬಾರದು ಎಂದು ಕಾರ್ಮಿಕ ಇಲಾಖೆ ನಿಯಮ ಮಾಡಲಿ. ಹೆಚ್ಚುವರಿ ಸಂಬಳ ಕೇಳುತ್ತಿಲ್ಲ, ಕೆಲಸದ ಗಂಟೆ ಕಡಿಮೆ ಮಾಡಿ ಎಂದೂ ಕೇಳುತ್ತಿಲ್ಲ. ನಿಯಮದಲ್ಲಿ 'ತಾಯಿ' ಎಂದಷ್ಟೇ ಬರೆಯದೆ 'ತಾಯಿ ಅಥವಾ ತಂದೆ' ಎಂದು ಬರೆಯಿರಿ, ನನ್ನ ಹೆಂಡತಿ ಮತ್ತೆ ಪಾಠ ಮಾಡಲು ಹೋಗಬೇಕೆಂದಿದ್ದಾಳೆ.

ಇತಿ,
ಒಬ್ಬ ತಂದೆ, ಬೆಂಗಳೂರು
(ಹೆಸರು ಪ್ರಕಟಿಸದಿರಲು ಕೋರಿಕೆ)